ಜೋಡಿಸಲಾಗದ ಕೈಗಳ ಪ್ರಾರ್ಥನೆ

ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಆಗ ನಾಲ್ಕನೇ ವರ್ಷ. ಧಾರವಾಡದ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಪ್ರಾರ್ಥನೆ ಅಜ್ಜನ ಕಾಲದಿಂದ ನಡೆದುಬಂದದ್ದು. ಒಂದು ಹಾಡು, ಸತ್ಯವೇದದ ಒಂದು ಭಾಗ, ಆಮೇಲೆ ಅಮ್ಮನ ಪ್ರಾರ್ಥನೆ. ಸಭೆಯ ಸ್ತ್ರೀಯರ ಕೂಟದಲ್ಲಿ 30 ವರ್ಷ ಪ್ರಾರ್ಥನೆ ನಡೆಸಿದವಳು ಅವಳು. ಊರಿನವರು, ರೋಗಿಗಳು, ಪರೀಕ್ಷೆಗೆ ಕೂತ ಮಕ್ಕಳು, ಮಳೆ, ಬೆಳೆ, ಸರ್ಕಾರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಪೋಣಿಸಿ ದೇವರ ಮುಂದೆ ಇಡುತ್ತಿದ್ದಳು. ಆ ಸಂಜೆ ಎಡಗೈ ಬಲಗೈಯನ್ನು ಹುಡುಕಿತು, ಹಿಡಿಯಿತು, ನಡುಕಕ್ಕೆ ಜಾರಿತು. ಎರಡು ಸಲ, ಮೂರು ಸಲ. ಕೊನೆಗೆ ಎರಡೂ ಕೈಗಳನ್ನು ಸೆರಗಿನಡಿ ಅವಿಸಿಟ್ಟು, "ನನಗ ಈಗ ಪ್ರಾರ್ಥನಾ ಮಾಡಾಕ ಬರವಲ್ತು" ಅಂದಳು.

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ನೋವು ವಿಶ್ವಾಸವನ್ನು ಬೆಳೆಸುತ್ತದೆ ಎಂಬ ಮಾತನ್ನು ಚಿಕ್ಕಂದಿನಿಂದ ಪ್ರಸಂಗಗಳಲ್ಲಿ ಕೇಳುತ್ತಾ ಬಂದವನು ನಾನು. ಕಣ್ಣೆದುರು ಆಗುತ್ತಿದ್ದದ್ದು ಅದರ ತಿರುವುಮುರುವು. ಜೀವಮಾನವಿಡೀ ಕಟ್ಟಿದ ಪ್ರಾರ್ಥನೆಯ ಗೋಡೆ ಇಟ್ಟಿಗೆ ಇಟ್ಟಿಗೆಯಾಗಿ ಬೀಳುತ್ತಿತ್ತು. ಬೆಳವಣಿಗೆ ಇರುವುದು ನಿಜ, ಆದರೆ ನಾನು ಕಣ್ಣಿಟ್ಟಿದ್ದ ಕಡೆ ಅಲ್ಲ ಎಂದು ತಿಳಿಯಲು ಕೆಲವು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಓದಿದ್ದು, ಕೇಳಿದ್ದು, ಅವಳ ಮಂಚದ ಪಕ್ಕದಲ್ಲಿ ಕೂತು ಕಂಡದ್ದು, ಇವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಇದೇ ದಾರಿಯಲ್ಲಿ ಇರುವವರು ನಮ್ಮ ಸಭೆಗಳಲ್ಲಿ ಬಹಳ ಜನ. ಅವರಲ್ಲಿ ಹೆಚ್ಚಿನವರು ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲು ಮುಪ್ಪು ಎಂದರೆ ಏನು ಎಂದು ಸತ್ಯವೇದವನ್ನೇ ಕೇಳಬೇಕು, ಏಕೆಂದರೆ ಅದು ನಮಗಿಂತ ನಿಷ್ಠುರವಾಗಿ ಮಾತನಾಡುತ್ತದೆ. ಅದರ ಪ್ರಸಂಗಿ ಎಂಬ ಪುಸ್ತಕದ 12ನೇ ಅಧ್ಯಾಯದಲ್ಲಿ ಒಂದು ಹಳೇ ಮನೆ ಬರುತ್ತದೆ. ಮನೆ ಕಾಯುವವರು ನಡುಗುತ್ತಾರೆ, ಬಲಿಷ್ಠರು ಬಾಗುತ್ತಾರೆ, ಹಿಟ್ಟು ಬೀಸುವವರು ಕಡಿಮೆಯಾಗಿ ಕೆಲಸ ನಿಲ್ಲಿಸುತ್ತಾರೆ, ಕಿಟಕಿಯಿಂದ ನೋಡುವವರು ಮಂಕಾಗುತ್ತಾರೆ, ಬೀದಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಯೆಹೂದ್ಯರ ಹಳೆಯ ವ್ಯಾಖ್ಯಾನಕಾರರ ಕಾಲದಿಂದ ಇದನ್ನು ದೇಹದ ಚಿತ್ರವೆಂದು ಓದುತ್ತಾ ಬಂದಿದ್ದಾರೆ. ಕಾಯುವವರು ಕೈಗಳು, ಬಲಿಷ್ಠರು ಕಾಲುಗಳು, ಬೀಸುವವರು ಹಲ್ಲುಗಳು, ಕಿಟಕಿಯಲ್ಲಿ ನಿಂತವರು ಕಣ್ಣುಗಳು, ಮುಚ್ಚಿದ ಬಾಗಿಲುಗಳು ಕಿವಿಗಳು. ಬಾದಾಮಿ ಮರ ಹೂಬಿಡುತ್ತದೆ ಎಂಬ ಮಾತೂ ಅಲ್ಲಿದೆ. ಆ ನಾಡಿನಲ್ಲಿ ಚಳಿಗಾಲ ಕಳೆಯುವ ಮೊದಲೇ, ಎಲೆ ಚಿಗುರುವ ಮುನ್ನವೇ, ಬಾದಾಮಿ ಮರ ಮೈತುಂಬ ಬೆಳ್ಳಗಾಗುತ್ತದೆ. ಅದು ನರೆತ ತಲೆ. ಮಿಡತೆಯೂ ಭಾರವಾಗುತ್ತದಂತೆ. ಹಕ್ಕಿ ಕೂಗಿದರೆ ಸಾಕು, ಎಚ್ಚರವಾಗುತ್ತದಂತೆ. ನಿದ್ದೆಯಿಲ್ಲದ ಮುದುಕರ ಮನೆಯಲ್ಲಿ ಇದ್ದವರಿಗೆ ಇದರಲ್ಲಿ ಒಂದು ಅಕ್ಷರವೂ ಹೆಚ್ಚಲ್ಲ.

ನಡುಗುವ ಕಾವಲುಗಾರರ ಮಾತನ್ನು ಅಮ್ಮನಿಗೆ ಓದಿ ಹೇಳಿದಾಗ ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಇದನ್ನ ಬರದಾಂವಗ ಗೊತ್ತಿತ್ತು" ಅಂದಳು. ಸಮಾಧಾನದ ಒಂದು ಪದವೂ ಆ ವಾಕ್ಯಗಳಲ್ಲಿ ಇಲ್ಲ. ಆದರೂ ಸಮಾಧಾನ ಸಿಕ್ಕಿತು. ತನ್ನ ಕೈ ದೇವರ ಪುಸ್ತಕದಲ್ಲಿ ಇದೆ ಎಂಬುದೇ ಅದಕ್ಕೆ ಕಾರಣ ಎಂದು ನನಗನ್ನಿಸುತ್ತದೆ.

"ಏನು ಪಾಪ ಮಾಡಿದ್ದೆನೋ"

ನಮ್ಮ ಹಳ್ಳಿ, ಪಟ್ಟಣಗಳಲ್ಲಿ ಕ್ರೈಸ್ತರ ಬಾಯಲ್ಲೂ ಮೊದಲು ಬರುವ ಮಾತು ಇದೇ. ಹಣೆಬರಹ, ಮಾಡಿದ್ದುಣ್ಣೋ ಮಾರಾಯ ಎಂಬ ಗಾದೆಗಳ ನಡುವೆ ಬೆಳೆದ ನಾವು, ನೋವು ಬಂದ ಕೂಡಲೇ ಹಳೇ ಲೆಕ್ಕದ ಪುಸ್ತಕ ತೆರೆಯುತ್ತೇವೆ. ಶಿಷ್ಯರೂ ಹೀಗೇ ಕೇಳಿದರು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದರು. ಯೇಸು ಎರಡನ್ನೂ ಅಲ್ಲಗಳೆದ. ಎಲ್ಲವನ್ನೂ ಕಳೆದುಕೊಂಡು ರೋಗಕ್ಕೂ ಬಿದ್ದ ಯೋಬನ ಗೆಳೆಯರ ಕಥೆಯೂ ಇದೇ. ಏಳು ದಿನ ಏಳು ರಾತ್ರಿ ಅವನ ಜೊತೆ ಬೂದಿಯ ಪಕ್ಕ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನೀನು ಏನೋ ಮಾಡಿರಬೇಕು ಎಂಬ ಒಂದೇ ರಾಗವನ್ನು ಹತ್ತಾರು ಅಧ್ಯಾಯಗಳಷ್ಟು ಎಳೆದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಗೋಳಾಡಿದ, ವಾದ ಮಾಡಿದ, ಹುಟ್ಟಿದ ದಿನವನ್ನೇ ಶಪಿಸಿದ ಯೋಬನನ್ನು ಮಾತ್ರ, ಇವನು ನನ್ನ ವಿಷಯ ಸರಿಯಾಗಿ ಮಾತಾಡಿದ್ದಾನೆ ಎಂದನು.

ಇದರ ಇನ್ನೊಂದು ಮುಖ ಈಚೆಗೆ ಬಂದದ್ದು. ಅಮ್ಮನನ್ನು ನೋಡಲು ಬಂದ ಒಬ್ಬರು ಅವಳ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿದರು. ನಡುಕ ನಿಲ್ಲಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಅವರಿಗೆ ಪೂರ್ಣ ನಂಬಿಕೆ ಇಲ್ಲ, ಅದಕ್ಕೇ ಹೀಗೆ ಎಂದು ನನಗೆ ಹೇಳಿದರು. ಒಳಗಿದ್ದ ಅಮ್ಮನಿಗೆ ಅದು ಕೇಳಿಸಿತು. ಆ ಮಾತು ಮಾಡಿದ ಗಾಯಕ್ಕೆ ಕಾಯಿಲೆಯ ಗಾಯ ಸಮನಲ್ಲ, ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ವಾಸಿಯಾಗಲಿ ಎಂದು ಕೇಳುವುದು ತಪ್ಪಲ್ಲ, ನಾವೂ ಕೇಳಿದೆವು, ಕೊನೆಯ ತನಕ ಕೇಳಿದೆವು. ಆದರೆ ವಾಸಿಯಾಗದೆ ಉಳಿದವರ ಪಟ್ಟಿಯೂ ಹೊಸ ಒಡಂಬಡಿಕೆಯಲ್ಲೇ ಇದೆ. ಅಪೊಸ್ತಲ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟುಬಂದ. ತಿಮೊಥೆಯನಿಗೆ ಪದೇ ಪದೇ ಬರುತ್ತಿದ್ದ ಅಸ್ವಸ್ಥತೆಗೆ, ಬರೀ ನೀರು ಕುಡಿಯಬೇಡ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಮನೆಮದ್ದು ಹೇಳಿದ. ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿಕೊಂಡ. ಅವನಿಗೆ ಬಂದ ಉತ್ತರ, "ನನ್ನ ಕೃಪೆಯೇ ನಿನಗೆ ಸಾಕು." ಪೌಲನಿಗೆ ನಂಬಿಕೆ ಕಡಿಮೆಯಿತ್ತು ಎನ್ನುವ ಧೈರ್ಯ ಯಾರಿಗಿದೆ?

ಇಲ್ಲಿ ಇನ್ನೊಂದನ್ನೂ ಸ್ಪಷ್ಟ ಮಾಡಿಕೊಳ್ಳಬೇಕು. ನೋವು ತಾನಾಗಿಯೇ ಯಾರನ್ನೂ ಪವಿತ್ರ ಮಾಡುವುದಿಲ್ಲ. ಕೆಲವರನ್ನು ಅದು ಕಹಿ ಮಾಡುತ್ತದೆ, ಕೆಲವರನ್ನು ಮನೆಮಂದಿಗೆ ಹಿಂಸೆ ಕೊಡುವಂತೆ ಮಾಡುತ್ತದೆ. ಸಂಕಟ ತಾಳ್ಮೆಯನ್ನು, ತಾಳ್ಮೆ ಅನುಭವವನ್ನು, ಅನುಭವ ನಿರೀಕ್ಷೆಯನ್ನು ಹುಟ್ಟಿಸುತ್ತದೆ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವುದನ್ನು ನಾವು ಗಿರಣಿಯ ಹಾಗೆ ಅರ್ಥ ಮಾಡಿಕೊಳ್ಳುತ್ತೇವೆ. ಮೇಲಿಂದ ಸಂಕಟ ಸುರಿ, ಕೆಳಗೆ ನಿರೀಕ್ಷೆ ಬೀಳುತ್ತದೆ. ಮುಂದಿನ ವಾಕ್ಯ ಓದಿದರೆ ಹಾಗಲ್ಲವೆಂದು ತಿಳಿಯುತ್ತದೆ. ದೇವರ ಪ್ರೀತಿ ಪವಿತ್ರಾತ್ಮನ ಮೂಲಕ ಹೃದಯದಲ್ಲಿ ಸುರಿಯಲ್ಪಟ್ಟಿದೆ, ಅದಕ್ಕೇ ನಿರೀಕ್ಷೆ ನಮ್ಮನ್ನು ನಾಚಿಕೆಪಡಿಸುವುದಿಲ್ಲ ಎನ್ನುತ್ತಾನೆ. ಬೆಳೆಸುವುದು ನೋವಲ್ಲ, ನೋವಿನೊಳಗೆ ಜೊತೆಗಿರುವವನು. ಇದು ಸಣ್ಣ ವ್ಯತ್ಯಾಸವೆಂದು ಕಾಣಬಹುದು. ಮಂಚದ ಮೇಲೆ ಮಲಗಿದವರಿಗೆ ಸಣ್ಣದಲ್ಲ. ನೋವೇ ದೊಡ್ಡ ಗುರು ಎಂದುಬಿಟ್ಟರೆ ನೋವಿನ ಮಾತ್ರೆ ತೆಗೆದುಕೊಳ್ಳುವುದೂ ಪಾಪವಾಗಿಬಿಡುತ್ತದೆ.

ಗೋಳು ಪ್ರಾರ್ಥನೆಯೇ

ಅಮ್ಮ ಪ್ರಾರ್ಥನೆ ಬರುವುದಿಲ್ಲ ಅಂದಳಲ್ಲ, ಅದರ ಅರ್ಥ ನನಗೆ ಮೆಲ್ಲಗೆ ತಿಳಿಯಿತು. ಅವಳಿಗೆ ಬರುತ್ತಿದ್ದ ಪ್ರಾರ್ಥನೆ ಸ್ತೋತ್ರದಿಂದ ಶುರುವಾಗಿ ಸ್ತೋತ್ರದಲ್ಲಿ ಮುಗಿಯುವಂಥದ್ದು. ಈಗ ಒಳಗಿದ್ದದ್ದು ಸಿಟ್ಟು, ಹೆದರಿಕೆ, ಅಪ್ಪ ಹೋದ ಮೇಲಿನ ಒಂಟಿತನ. ಅದನ್ನು ದೇವರ ಮುಂದೆ ಆಡಬಾರದು ಎಂದು ಅವಳು ಕಲಿತಿದ್ದಳು. ಹೇಳಬೇಕಾದ್ದನ್ನು ಹೇಳುವ ಹಾಗಿಲ್ಲ, ಹೇಳಬಹುದಾದ್ದು ಒಳಗಿಲ್ಲ. ಬಾಯಿ ಕಟ್ಟಿದ್ದು ಹಾಗೆ.

ಕೀರ್ತನೆಗಳ ಪುಸ್ತಕದ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಗೋಳು. 13ನೆಯದು ಬರೀ ಆರು ವಚನ. ಅದರ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಎಂಬ ಪ್ರಶ್ನೆ. ಆಮೇಲೆ ಬೇಡಿಕೆ, ಕೊನೆಗೆ ನಾನಂತೂ ನಿನ್ನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ ಎಂಬ ತಿರುವು. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಇದೇ ಹೆಜ್ಜೆ ಹಾಕುತ್ತವೆ. ಕರೆಯುವುದು, ದೂರು ಹೇಳುವುದು, ಕೇಳುವುದು, ನೆಚ್ಚುವುದು. ತಿರುವೇ ಇಲ್ಲದ ಒಂದೂ ಇದೆ. 88ನೇ ಕೀರ್ತನೆ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಆಪ್ತರನ್ನೂ ಗೆಳೆಯರನ್ನೂ ನೀನು ನನ್ನಿಂದ ದೂರ ಮಾಡಿದ್ದೀ ಎಂಬ ದೂರೇ ಅದರ ಕೊನೆ. ಯಾರೂ ಅದಕ್ಕೆ ಕೊನೆಯಲ್ಲಿ ಒಂದು ಹಲ್ಲೆಲೂಯ ಸೇರಿಸಲಿಲ್ಲ. ಹಾಗೇ ಇಟ್ಟರು, ಹಾಗೇ ಹಾಡಿದರು. ಸಾವಿರಾರು ವರ್ಷ ಸಭೆ ಇದನ್ನು ದೇವರ ವಾಕ್ಯವೆಂದು ಓದಿದೆ ಎಂದರೆ, ತಿರುವು ಇನ್ನೂ ಬಾರದ ಸಂಜೆಗೂ ಪ್ರಾರ್ಥನೆಯಲ್ಲಿ ಜಾಗವಿದೆ ಎಂದೇ ಅರ್ಥ. ಆ ಕೀರ್ತನೆ ದೇವರಿಗೇ ಹೇಳಿದ್ದು ಎಂಬುದನ್ನು ಗಮನಿಸಿ. ಬೆನ್ನು ತಿರುಗಿಸಿ ಗೊಣಗುವುದಕ್ಕೂ ಮುಖ ನೋಡಿ ಜಗಳವಾಡುವುದಕ್ಕೂ ಇರುವ ಅಂತರ ಮದುವೆಯಾದವರಿಗೆಲ್ಲ ಗೊತ್ತು.

ಕನ್ನಡ ಸತ್ಯವೇದ ಓದುವವರಿಗೆ ಇಲ್ಲಿ ಒಂದು ಭಾಗ್ಯ ಇದೆ. ತೊರೆಯುವುದು ಎಂಬುದಕ್ಕೆ ನಮ್ಮಲ್ಲಿ "ಕೈಬಿಡು" ಎಂಬ ಮಾತಿದೆ. 71ನೇ ಕೀರ್ತನೆ ಒಬ್ಬ ಮುದುಕನದು. "ವೃದ್ಧಾಪ್ಯದಲ್ಲಿ ನನ್ನನ್ನು ತಳ್ಳಿಬಿಡಬೇಡ, ನನ್ನ ಬಲವು ಕುಂದಿದಾಗ ಕೈಬಿಡಬೇಡ" ಎನ್ನುತ್ತಾನೆ. ಶಿಲುಬೆಯ ಮೇಲೆ ಯೇಸು ಕೂಗಿದ 22ನೇ ಕೀರ್ತನೆಯ ಮೊದಲ ಮಾತು, "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಮುದುಕನ ಹೆದರಿಕೆಯೂ ಕ್ರಿಸ್ತನ ಕೂಗೂ ಕನ್ನಡದಲ್ಲಿ ಒಂದೇ ಪದ. ಅಮ್ಮನನ್ನು ಮಂಚದಿಂದ ಬಚ್ಚಲಿಗೆ ನಡೆಸುವಾಗ ಹನ್ನೆರಡು ಹೆಜ್ಜೆ. ಪಾರ್ಕಿನ್ಸನ್ ಇರುವವರ ಕಾಲು ಹೊಸ್ತಿಲ ಬಳಿ ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ. ಆಗ ನನ್ನ ಮುಂಗೈ ಬಿಗಿಯಾಗಿ ಹಿಡಿದು "ಕೈ ಬಿಡಬ್ಯಾಡ, ಕೈ ಬಿಡಬ್ಯಾಡ" ಅನ್ನುತ್ತಿದ್ದಳು. ದಿನಕ್ಕೆ ಏಳೆಂಟು ಸಲ. ಒಂದು ದಿನ ನಾನು ಅಂದೆ, ಅಮ್ಮ, ಇದೇ ಕೀರ್ತನೆ, ನೀನು ದಿನವಿಡೀ ಅದನ್ನೇ ಹೇಳುತ್ತಿದ್ದೀ ಎಂದು. ಅವಳು ಹೊಸ್ತಿಲಲ್ಲಿ ನಿಂತೇ ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರ ಮಾಡೇ ಮಾಡ್ತೇನಿ" ಅಂದಳು. ಪ್ರಾರ್ಥನೆ ಮಾಡೇ ಮಾಡ್ತೇನೆ ಎಂದು.

ಹಾಸಿಗೆಯಿಂದ ಹಾಸಿಗೆಗೆ

ಗಟ್ಟಿಮುಟ್ಟಾಗಿ ಇರುವವರು ರೋಗಿಗಳಿಗೆ ಬರೆದ ಸಮಾಧಾನದ ಮಾತು ರೋಗಿಗಳಿಗೆ ತಟ್ಟುವುದಿಲ್ಲ ಎಂದು ಕಂಡುಕೊಂಡವರಲ್ಲಿ ಏಮಿ ಕಾರ್ಮೈಕಲ್ ಒಬ್ಬರು. ಐರ್ಲೆಂಡಿನಲ್ಲಿ 1867ರಲ್ಲಿ ಹುಟ್ಟಿದ ಆಕೆ ಭಾರತಕ್ಕೆ ಬಂದು ಮೊದಲು ಕಾಲಿಟ್ಟ ಸೇವೆಯ ಊರು ನಮ್ಮ ಬೆಂಗಳೂರು, 1895ರಲ್ಲಿ. ಆಮೇಲೆ ತಮಿಳುನಾಡಿನ ತಿರುನೆಲ್ವೇಲಿ ಸೀಮೆಗೆ ಹೋಗಿ, ದೋಣಾವೂರಿನಲ್ಲಿ, ದೇವಸ್ಥಾನಗಳಿಗೆ ಒಪ್ಪಿಸಲಾಗುತ್ತಿದ್ದ ಹೆಣ್ಣುಮಕ್ಕಳಿಗೆ ಮನೆ ಕಟ್ಟಿದರು. ಓಡಾಟವೇ ಅವರ ಬದುಕಾಗಿತ್ತು. 1931ರ ಅಕ್ಟೋಬರಿನಲ್ಲಿ, 63ನೇ ವಯಸ್ಸಿನಲ್ಲಿ, ಕತ್ತಲಲ್ಲಿ ಗುಂಡಿಗೆ ಬಿದ್ದು ಕಾಲು ಮುರಿಯಿತು. ಬೇಗ ಎದ್ದು ಓಡಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. 1951ರ ಜನವರಿಯಲ್ಲಿ ತೀರಿಕೊಳ್ಳುವ ತನಕ, ಸುಮಾರು 20 ವರ್ಷ, ಅವರ ಲೋಕ ಹೆಚ್ಚಾಗಿ ಒಂದೇ ಕೋಣೆಯಾಯಿತು.

ಆ ಕೋಣೆಯಲ್ಲಿ ಅವರು ಹತ್ತಕ್ಕೂ ಹೆಚ್ಚು ಪುಸ್ತಕ ಬರೆದರು, ಅದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಅದಲ್ಲ. ಎಲ್ಲ ಮುದುಕರೂ ಮಂಚದ ಮೇಲೆ ಪುಸ್ತಕ ಬರೆಯಬೇಕು ಎಂದಾದರೆ ಅದು ಹೊಸ ಹೊರೆ. ನನಗೆ ಮುಖ್ಯವಾದದ್ದು, ನೋವು ಹೊಸದಾಗಿದ್ದಾಗಲೇ ಅವರು ಇತರ ರೋಗಿಗಳಿಗೆ ಪತ್ರಗಳನ್ನು ಬರೆಯತೊಡಗಿದ್ದು. ಗುಣವಾದ ಮೇಲೆ ಹಿಂದಿರುಗಿ ನೋಡಿ ಬರೆದದ್ದಲ್ಲ, ನಿದ್ದೆಯಿಲ್ಲದ ರಾತ್ರಿಯ ನಡುವೆ ಇದ್ದೇ ಬರೆದದ್ದು. ಇದರಿಂದ ನಾನು ಕಲಿತ ಒಂದು ಉಪಾಯ ಹೇಳುತ್ತೇನೆ. ನಿಮ್ಮ ಮನೆಯ ಹಿರಿಯರಿಗೆ ನಿಮ್ಮ ಮಾತು ತಟ್ಟದಿದ್ದರೆ ಅದೇ ಕಾಯಿಲೆಯ ಇನ್ನೊಬ್ಬರ ಜೊತೆ ಕೂರಿಸಿ, ಅದಾಗದಿದ್ದರೆ ಫೋನಿನಲ್ಲಿ. ಅಮ್ಮನಿಗೆ ಹುಬ್ಬಳ್ಳಿಯಲ್ಲಿ ಅಂಥ ಒಬ್ಬ ಗೆಳತಿ ಸಿಕ್ಕಳು. ಇಬ್ಬರೂ ಮಾತ್ರೆಯ ಹೊತ್ತು, ಮಲಬದ್ಧತೆ, ಕನಸು, ಇಷ್ಟನ್ನೇ ಮಾತಾಡುತ್ತಿದ್ದರು. ಕೊನೆಗೆ ಒಬ್ಬರು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡಿದರೆ ಇನ್ನೊಬ್ಬರು ಮುಗಿಸುತ್ತಿದ್ದರು. ದೋಣಾವೂರಿನಲ್ಲಿ ಕಾರ್ಮೈಕಲ್ಲರ ಸಮಾಧಿಗೆ ಕಲ್ಲಿನ ಫಲಕವಿಲ್ಲ. ಹಕ್ಕಿಗಳು ನೀರು ಕುಡಿಯುವ ಒಂದು ಕಲ್ಲುಬಾನಿ ಇದೆ, ಅದರ ಮೇಲೆ ಅಮ್ಮ ಎಂಬರ್ಥದ ಒಂದೇ ಪದ.

ಪ್ರಾರ್ಥನೆ ಹೀಗೆ ಗಿಡ್ಡವಾಗುತ್ತಾ ಹೋಗುವುದನ್ನು ನಾವು ಕಳವಳದಿಂದ ನೋಡುತ್ತೇವೆ. ಕಳವಳ ಬೇಡ. ಯೇಸು ಹೇಳಿದ ಕಥೆಯ ಸುಂಕದವನು ದೂರದಲ್ಲಿ ನಿಂತು, ಎದೆ ಬಡಿದುಕೊಂಡು ಹೇಳಿದ್ದು ಒಂದೇ ಸಾಲು, ದೇವರೇ, ಪಾಪಿಯಾದ ನನ್ನನ್ನು ಕರುಣಿಸು ಎಂದು. ಪೂರ್ವ ದೇಶದ ಸಭೆಗಳು ಆ ಸಾಲಿಗೆ ಯೇಸುವಿನ ಹೆಸರನ್ನು ಸೇರಿಸಿ, ಉಸಿರಿನ ಜೊತೆಗೆ ಹೇಳುವ ಪ್ರಾರ್ಥನೆಯಾಗಿ ಶತಮಾನಗಳಿಂದ ಉಳಿಸಿಕೊಂಡಿವೆ. ಕಥೋಲಿಕ ಮನೆಗಳ ಅಜ್ಜಿಯರ ಬೆರಳಿಗೆ ಜಪಮಾಲೆಯ ಮಣಿಗಳು ದಾರಿ ತೋರಿಸುತ್ತವೆ. ಮಾತು ಮರೆತರೂ ಮಣಿ ಮರೆಯುವುದಿಲ್ಲ. ಮರೆವಿನ ಕಾಯಿಲೆ ಬಂದವರಲ್ಲಿ ಮಗನ ಹೆಸರು ಹೋದ ಮೇಲೂ ಬಾಲ್ಯದ ಹಾಡು ಉಳಿದಿರುವುದನ್ನು ಸಭಾಪಾಲಕರು ಮತ್ತೆ ಮತ್ತೆ ಕಾಣುತ್ತಾರೆ. ಎಪ್ಪತ್ತು ವರ್ಷ ಹಾಡಿದ್ದು ಅಷ್ಟು ಆಳಕ್ಕೆ ಇಳಿದಿರುತ್ತದೆ. ಮಾತೇ ಇಲ್ಲದ ಹಂತಕ್ಕೆ ಬಂದರೆ? ಅಲ್ಲಿಗೂ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಇಳಿದುಬರುತ್ತದೆ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲ, ಆತ್ಮನೇ ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡಿಕೊಳ್ಳುತ್ತಾನೆ ಎನ್ನುತ್ತದೆ. ರಾತ್ರಿ ಪಕ್ಕದ ಕೋಣೆಯಿಂದ ಕೇಳುವ ನರಳಿಕೆಯನ್ನು ಈ ವಾಕ್ಯ ಓದಿದ ಮೇಲೆ ನಾನು ಬೇರೆ ಕಿವಿಯಿಂದ ಕೇಳಿದೆ.

ತಾನು ಪ್ರಾರ್ಥಿಸಲಾರದ ದಿನಗಳೂ ಇರುತ್ತವೆ. ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಜಂಗುಳಿಗೆ ದಾರಿ ಸಿಗದೆ ಚಾವಣಿ ತೆಗೆದು ಹಾಸಿಗೆ ಸಮೇತ ಕೆಳಗಿಳಿಸಿದರು. ಯೇಸು "ಅವರ ನಂಬಿಕೆಯನ್ನು ನೋಡಿ" ರೋಗಿಯೊಡನೆ ಮಾತಾಡಿದನೆಂದು ಮಾರ್ಕನು ಬರೆಯುತ್ತಾನೆ. ಅವನ ಅಲ್ಲ, ಅವರ. ಇದಕ್ಕಿಂತ ದೊಡ್ಡ ಬಿಡುಗಡೆ ರೋಗಿಗೆ ಇನ್ನೊಂದಿಲ್ಲ. ಇವತ್ತು ನನ್ನ ನಂಬಿಕೆ ಹಾಸಿಗೆಯಲ್ಲಿದೆ, ನೀವು ನಾಲ್ಕು ಮೂಲೆ ಹಿಡಿಯಿರಿ ಎಂದು ಹೇಳಬಹುದು. ಯಾಕೋಬನ ಪತ್ರ ರೋಗಿಗೆ, ಸಭೆಯ ಹಿರಿಯರನ್ನು ಕರೆಯಿಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎನ್ನುವುದೂ ಇದಕ್ಕೇ. ಕಥೋಲಿಕ ಸಭೆಯಲ್ಲಿ ಈ ಅಭ್ಯಂಗ ಬಹುಕಾಲ ಸಾಯುವ ಘಳಿಗೆಗೆ ಮೀಸಲಾಗಿಬಿಟ್ಟಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ ಪೋಪ್ ಆರನೆಯ ಪೌಲ್ ಅದರ ವಿಧಿಯನ್ನು ಪರಿಷ್ಕರಿಸಿದರು. ಮುಪ್ಪಿನಿಂದ ಕುಗ್ಗಿದವರೂ ಅದನ್ನು ಪಡೆಯಬಹುದು, ಒಂದಕ್ಕಿಂತ ಹೆಚ್ಚು ಸಲ ಪಡೆಯಬಹುದು. ಆದರೂ ಫಾದರ್ ಎಣ್ಣೆ ತಂದರೆ ಕಥೆ ಮುಗಿಯಿತು ಎಂಬ ಹೆದರಿಕೆಗೆ ಮನೆಯವರು ಅವರನ್ನು ಕರೆಯುವುದನ್ನು ಮುಂದೂಡುತ್ತಲೇ ಇರುತ್ತಾರೆ. ಎಚ್ಚರವಿದ್ದಾಗ, ಕೈಗೆ ಎಣ್ಣೆ ತಾಗುವುದು ತಿಳಿಯುವಾಗ ಕರೆಯಿಸಿ.

ದೇವರ ಕೈಯಲ್ಲಿ

ಮುಪ್ಪಿನ ಅತಿ ದೊಡ್ಡ ನೋವು ಯಾವುದೆಂದು ಕೇಳಿದರೆ ನಾನು ಕೀಲುನೋವು ಎನ್ನುವುದಿಲ್ಲ. ಇನ್ನೊಬ್ಬರ ಕೈಯಿಂದ ಸ್ನಾನ ಮಾಡಿಸಿಕೊಳ್ಳುವುದು. ಪುನರುತ್ಥಾನವಾದ ಯೇಸು ಕೆರೆಯ ದಡದಲ್ಲಿ ಪೇತ್ರನಿಗೆ ಹೇಳಿದ ಮಾತು ಯೋಹಾನನ ಕೊನೆಯ ಅಧ್ಯಾಯದಲ್ಲಿದೆ. ಯೌವನದಲ್ಲಿ ನೀನೇ ನಡುಕಟ್ಟಿಕೊಂಡು ಬೇಕಾದ ಕಡೆ ಹೋಗುತ್ತಿದ್ದೀ, ಮುದುಕನಾದಾಗ ಕೈ ಚಾಚುವಿ, ಮತ್ತೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಒಯ್ಯುವನು. ಇದು ಪೇತ್ರನ ರಕ್ತಸಾಕ್ಷಿ ಮರಣದ ಮಾತು ಎಂದು ಸುವಾರ್ತೆಯೇ ಹೇಳುತ್ತದೆ. ಆದರೆ ಸೀರೆ ಉಡಿಸಲು ಕೈ ಚಾಚಿ ನಿಂತ ಅಮ್ಮನನ್ನು ಕಂಡವನಿಗೆ ಅದು ಪ್ರತಿ ಬೆಳಗಿನ ಮಾತೂ ಹೌದು. ಆ ಮಾತಿನ ಬೆನ್ನಿಗೇ ಯೇಸು ಹೇಳುವುದು, "ನನ್ನನ್ನು ಹಿಂಬಾಲಿಸು." ನಡೆಯಲಾರದವನಿಗೆ ಹಿಂಬಾಲಿಸು ಎಂದರೆ ಏನರ್ಥ?

ಪೆದ್ರೋ ಅರುಪೆ ಅವರ ಬದುಕು ನನಗೆ ಇದಕ್ಕೆ ಅರ್ಥ ಹೇಳಿತು. ಸ್ಪೇನಿನ ಬಿಲ್ಬಾವೊದಲ್ಲಿ 1907ರಲ್ಲಿ ಹುಟ್ಟಿ, ವೈದ್ಯಶಾಸ್ತ್ರ ಓದುವುದನ್ನು ಅರ್ಧಕ್ಕೆ ಬಿಟ್ಟು ಯೇಸುಸಭೆ ಎಂಬ ಕಥೋಲಿಕ ಸನ್ಯಾಸಿ ಸಂಘ ಸೇರಿದವರು. ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದ ದಿನ ಆ ಊರಿನ ಅಂಚಿನಲ್ಲಿದ್ದರು. ತಮ್ಮ ಮಠವನ್ನೇ ಆಸ್ಪತ್ರೆ ಮಾಡಿ ಗಾಯಾಳುಗಳನ್ನು ನೋಡಿಕೊಂಡರು. 1965ರಲ್ಲಿ ಯೇಸುಸಭೆಯ ಮಹಾಧಿಪತಿಯಾದರು. ಬಹು ಭಾಷೆ ಬಲ್ಲವರು, ನಿಲ್ಲದೆ ತಿರುಗುವವರು. 1981ರ ಆಗಸ್ಟ್ 7ರಂದು ಏಷ್ಯಾ ಪ್ರವಾಸದಿಂದ ಮರಳಿ ರೋಮಿನಲ್ಲಿ ಇಳಿಯುತ್ತಿದ್ದಂತೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ಕೈಕೊಟ್ಟಿತು. ಅಷ್ಟು ಸಾಲದೆಂಬಂತೆ, ಅವರು ಹೆಸರಿಸಿದ ಸಹಾಯಕರನ್ನು ಬಿಟ್ಟು, ಯೇಸುಸಭೆಯನ್ನು ನಡೆಸಲು ಪೋಪ್ ತಮ್ಮದೇ ಪ್ರತಿನಿಧಿಯನ್ನು ನೇಮಿಸಿದರು. ದೇಹವೂ ಕೆಲಸವೂ ಒಂದೇ ವರ್ಷದಲ್ಲಿ ಕೈಯಿಂದ ಹೋದವು.

1983ರ ಸೆಪ್ಟೆಂಬರಿನಲ್ಲಿ ಅವರು ಅಧಿಕಾರದಿಂದ ಇಳಿದಾಗ ಅವರ ಸಂದೇಶವನ್ನು ಇನ್ನೊಬ್ಬರು ಓದಬೇಕಾಯಿತು. ಅದರ ತಿರುಳು ಇಷ್ಟು. ಹಿಂದೆಂದಿಗಿಂತ ಹೆಚ್ಚಾಗಿ ಈಗ ನಾನು ದೇವರ ಕೈಯಲ್ಲಿದ್ದೇನೆ, ಯೌವನದಿಂದ ನಾನು ಬಯಸಿದ್ದೂ ಇದನ್ನೇ, ಆದರೆ ಈಗ ಒಂದು ವ್ಯತ್ಯಾಸ, ಮೊದಲ ಹೆಜ್ಜೆ ಪೂರ್ತಿ ದೇವರದೇ. ಈ ಮಾತನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವವರು ಒಂದು ಲೆಕ್ಕ ಮರೆಯಬಾರದು. ಅವರು ತೀರಿಕೊಂಡದ್ದು 1991ರ ಫೆಬ್ರವರಿ 5ರಂದು. ಅಂದರೆ ಆ ಮಾತಿನ ನಂತರ ಏಳು ವರ್ಷಕ್ಕೂ ಹೆಚ್ಚು ಕಾಲ ಅದೇ ರೋಗ, ಅದೇ ಪರಾಧೀನತೆ. ಒಂದು ದಿನದ ಒಪ್ಪಿಗೆಯಿಂದ ನೋವು ಮುಗಿಯಲಿಲ್ಲ. ಪ್ರತಿ ಬೆಳಗ್ಗೆ ಮತ್ತೆ ಕೈ ಚಾಚಬೇಕಿತ್ತು.

ಯೇಸುವಿನ ಬದುಕಿನಲ್ಲೂ ಇಂಥ ಒಂದು ತಿರುವು ಇದೆ. ಗೆತ್ಸೇಮನೆ ತೋಟದ ತನಕ ಅವನು ಮಾಡುವವನು. ನಡೆಯುತ್ತಾನೆ, ಮುಟ್ಟುತ್ತಾನೆ, ಗದರುತ್ತಾನೆ, ರೊಟ್ಟಿ ಮುರಿಯುತ್ತಾನೆ. ಆ ರಾತ್ರಿಯ ನಂತರ ಎಲ್ಲವೂ ಅವನಿಗೆ ಮಾಡಲ್ಪಡುತ್ತದೆ. ಕಟ್ಟುತ್ತಾರೆ, ಒಯ್ಯುತ್ತಾರೆ, ಬಟ್ಟೆ ತೆಗೆಯುತ್ತಾರೆ, ತೊಡಿಸುತ್ತಾರೆ. ಮನುಷ್ಯರ ಕೈಗೆ ಒಪ್ಪಿಸಲ್ಪಟ್ಟವನು ಕೊನೆಗೆ, ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಲೋಕದ ರಕ್ಷಣೆ ಅವನು ಓಡಾಡುತ್ತಿದ್ದಾಗಿನ ಕೆಲಸಗಳಿಂದ ಮಾತ್ರವಲ್ಲ, ಅಲುಗಾಡಲಾರದೆ ಇದ್ದ ಆ ಗಂಟೆಗಳಿಂದ ಆಯಿತೆಂದು ನಾವು ನಂಬುತ್ತೇವಲ್ಲ, ಹಾಗಾದರೆ ಏನೂ ಮಾಡಲಾರದ ಮುದುಕಿಯ ದಿನವನ್ನು ದಂಡದ ದಿನ ಎಂದು ಹೇಗೆ ಕರೆಯುವುದು? "ನಾನು ಯಾರಿಗೂ ಉಪಯೋಗ ಇಲ್ಲ" ಎಂಬ ಮಾತಿಗೆ ಕ್ರೈಸ್ತ ವಿಶ್ವಾಸ ಕೊಡುವ ಉತ್ತರ ಇಲ್ಲಿದೆ, ಶಿಲುಬೆಯ ಕೆಳಗೆ.

ಇದನ್ನೆಲ್ಲ ಹೇಳಿದ ಮೇಲೆ ಔಷಧದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಪ್ರವಾದಿ ಎಲೀಯನು ಜಾಲಿಯಂಥ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದಾಗ ದೇವರು ಪ್ರಸಂಗ ಮಾಡಲಿಲ್ಲ. ನಿದ್ದೆ ಬರಿಸಿದ. ದೂತನು ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸಿದ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ರೊಟ್ಟಿಯೇ. ಪ್ರಶ್ನೋತ್ತರ ಬಂದದ್ದು ಬಹಳ ದಿನಗಳ ಮೇಲೆ. ಮುಪ್ಪಿನಲ್ಲಿ ಬರುವ ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ಅದು ಅವಿಶ್ವಾಸದ ಗುರುತಲ್ಲ. ನೋವಿಗೂ ಹಾಗೇ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಸಾವು ಹತ್ತಿರವಾದವರ ಆರೈಕೆಯ ಮನೆ ತೆರೆದು, ನೋವು ತಗ್ಗಿಸುವ ಉಪಶಮನ ಚಿಕಿತ್ಸೆಗೆ ಹೊಸ ದಾರಿ ಹಾಕಿದ ಸಿಸಿಲಿ ಸಾಂಡರ್ಸ್ ಗಾಢ ವಿಶ್ವಾಸದ ಕ್ರೈಸ್ತರು. ನರ್ಸ್ ಆಗಿ, ಸಮಾಜ ಸೇವಕಿಯಾಗಿ, ಆಮೇಲೆ ವೈದ್ಯೆಯಾಗಿ ರೋಗಿಗಳ ಪಕ್ಕ ಕೂತವರು. ಸಮಗ್ರ ನೋವು ಎಂಬ ಅವರ ಮಾತಿನಲ್ಲಿ ದೇಹ, ಮನಸ್ಸು, ಸಂಬಂಧ, ಆತ್ಮ ನಾಲ್ಕೂ ಸೇರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲಾಗುವುದಿಲ್ಲ. ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ಬಿದ್ದ ಸಂಜೆಗಳಲ್ಲೇ ಅಮ್ಮ ಹೆಚ್ಚು ಪ್ರಾರ್ಥಿಸುತ್ತಿದ್ದಳು. ಇದನ್ನು ನಾನು ಬಹಳ ಸಲ ಕಂಡೆ.

ಕೊನೆಯ ವರ್ಷ ಅವಳ ಪ್ರಾರ್ಥನೆಯಲ್ಲಿ ವಾಕ್ಯಗಳೇ ಇರಲಿಲ್ಲ. ಬರೀ ಹೆಸರುಗಳು. ದೇವಾಲಯವನ್ನು ಬಿಟ್ಟುಹೋಗದೆ ರಾತ್ರಿ ಹಗಲು ಪ್ರಾರ್ಥಿಸುತ್ತಿದ್ದ ಅನ್ನಳೆಂಬ ವಿಧವೆಯ ಬಗ್ಗೆ ಲೂಕನು ಬರೆದಿದ್ದಾನೆ, 84 ಎಂಬ ಸಂಖ್ಯೆಯ ಜೊತೆ. ಅಮ್ಮನಿಗೂ ಆಗ ಹತ್ತಿರ ಹತ್ತಿರ ಅಷ್ಟೇ ವಯಸ್ಸು. ಹಕ್ಕಿ ಕೂಗುವ ಮೊದಲೇ, ಮೂರೂವರೆ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ನಡುಗುವ ಕೈಗಳನ್ನು ನನ್ನ ಎರಡು ಅಂಗೈಗಳ ನಡುವೆ ಇಟ್ಟು ಜೋಡಿಸುತ್ತಿದ್ದೆ. ಅವಳು ಹೆಸರು ಹೇಳುತ್ತಿದ್ದಳು. ಮೊಮ್ಮಕ್ಕಳು, ಅಕ್ಕತಂಗಿಯರು, ಕೂಟದ ಹೆಂಗಸರು, ಮಸ್ಕತ್ತಿನಲ್ಲಿರುವ ತಮ್ಮನ ಮಗ. ನಡುನಡುವೆ ತೀರಿಹೋದವರೂ ಬರುತ್ತಿದ್ದರು, ಅಪ್ಪ, ಅವಳ ತಾಯಿ, ಎರಡು ತಿಂಗಳಿಗೇ ಹೋದ ನನ್ನ ಅಣ್ಣ. ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ಇಲ್ಲ. ನಾನು ತಿದ್ದಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಎಲ್ಲರೂ ಒಂದೇ ಮನೆಯಲ್ಲಿದ್ದರು.

ಒಂದು ಬೆಳಗಿನ ಜಾವ ಹೆಸರುಗಳು ಮುಗಿದವೆಂದುಕೊಂಡು ನಾನು ಆಮೆನ್ ಅಂದು, ಕೈ ಸಡಿಲಿಸಿ ಏಳಲು ಹೊರಟೆ. ಅವಳು ನನ್ನ ಬೆರಳು ಬಿಡಲಿಲ್ಲ.

"ತಡಿ, ಇನ್ನೂ ಮುಗದಿಲ್ಲ. ಆ ಹಾಲು ಹಾಕಾಂವನ ಹೆಸರೇನು? ಅವನ ಮಗಳಿಗೆ ಇವತ್ತ ಪರೀಕ್ಷಾ ಐತಿ."

ಹೆಸರು ಹೇಳಿದೆ. ಅವಳು ಅದನ್ನೇ ಎರಡು ಸಲ ಹೇಳಿ ಕಣ್ಣು ಮುಚ್ಚಿದಳು.